ಊರಿನ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಒಯ್ಯಿರಿ

ಲಕ್ಕಲಕಟ್ಟಿಯಿಂದಲೂ ಗಜೇಂದ್ರಗಡ, ರೋಣ, ನರಗುಂದ ಸೀಮೆಯ ಇತರ ಊರುಗಳಿಂದಲೂ ಹೋಗಿ ಬಿ.ಇ., ಬಿ.ಎಸ್ಸಿ., ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿರುವ ತಮ್ಮಂದಿರೇ, ತಂಗಿಯರೇ,



ಕೊನೆಯ ಸೆಮಿಸ್ಟರ್ ಬಂತೆಂದರೆ ಮನೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಬಸ್ಸಿನಲ್ಲಿ ಕೇಳುವ ಮಾತು ಒಂದೇ: ‘ಸಾಲಿ ಮುಗೀತ ಬಂತಲ್ಲ, ಮುಂದೇನ ಮಾಡಾಂವ?’ ಹೆಣ್ಣುಮಕ್ಕಳಿಗೆ ಆ ಪ್ರಶ್ನೆ ಇನ್ನೂ ಬೇಗ ಬರುತ್ತದೆ, ಬೇರೆ ಅರ್ಥದಲ್ಲಿ ಬರುತ್ತದೆ. ಉತ್ತರಗಳೂ ಮೂರ್ನಾಲ್ಕೇ. ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೋರ್ಸು ಸೇರುವುದು, ಧಾರವಾಡದಲ್ಲಿ ರೂಮು ಮಾಡಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವುದು, ಬಿ.ಇಡಿ. ಮಾಡುವುದು, ಯಾವುದೂ ಆಗದಿದ್ದರೆ ಹೊಲಕ್ಕೆ ಮರಳುವುದು. ಇವು ಯಾವುವೂ ಕೆಟ್ಟ ದಾರಿಗಳಲ್ಲ. ಆದರೆ ನಮ್ಮ ಸೀಮೆಯ ಮಕ್ಕಳ ಕಿವಿಗೆ ಬೀಳದೆಯೇ ಹೋಗುವ ಇನ್ನೊಂದು ದಾರಿ ಇದೆ. ಅದು ಮೆಟೀರಿಯಲ್ಸ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್, ಅಂದರೆ ವಸ್ತುವಿಜ್ಞಾನದ ಸ್ನಾತಕೋತ್ತರ ಓದು. ಅದನ್ನು ಓದಿ, ಅದನ್ನೇ ನೆಚ್ಚಿ ಬದುಕಿದವನಾಗಿ ನಿಮಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಆರಿಸುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ಆ ಪ್ರಶ್ನೆಗಾಗಿ ದೂರ ಹೋಗಬೇಕಿಲ್ಲ, ಅದು ನಿಮ್ಮ ಹೊಲದಲ್ಲಿ, ಗುಡ್ಡದ ಮೇಲೆ, ಕೊಡದ ನೀರಿನಲ್ಲಿದೆ. ಅದರ ಉತ್ತರ ಹುಡುಕಲು ಬೇಕಾದ ಓದಿಗೆ ಈ ದೇಶ ಹಣ ಕೊಡುತ್ತದೆ.

ಈ ಶಾಸ್ತ್ರ ಕೇಳುವುದೇನು? ಒಂದು ವಸ್ತು ಹೀಗೇಕೆ ಇದೆ, ಇದನ್ನು ಬೇರೆ ರೀತಿ ಮಾಡಬಹುದೇ, ಎಂಬುದನ್ನು. ಕಮ್ಮಾರರು ಕುಡಗೋಲನ್ನು ಕೆಂಪಗೆ ಕಾಯಿಸಿ ಬಡಿದು ನೀರಿಗೆ ಅದ್ದುವುದನ್ನು ನೀವೆಲ್ಲ ನೋಡಿದ್ದೀರಿ. ಉಕ್ಕು ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವು ಮುಟ್ಟಿದಾಗ ಅದರೊಳಗಿನ ಕಬ್ಬಿಣದ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ, ಆ ಹೊಸ ಜೋಡಣೆಯ ಸಂದುಗಳಲ್ಲಿ ಇಂಗಾಲ ಸಲೀಸಾಗಿ ಕರಗುತ್ತದೆ. ತಟ್ಟನೆ ತಣಿಸಿದರೆ ಇಂಗಾಲಕ್ಕೆ ಹೊರಬೀಳಲು ಸಮಯ ಸಾಲದು. ಅದು ಒಳಗೇ ಸಿಕ್ಕಿಬಿದ್ದು ಇಡೀ ಜೋಡಣೆಯನ್ನು ಬಿಗಿದುಬಿಡುತ್ತದೆ. ಅಲಗು ಗಟ್ಟಿಯಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಮತ್ತೆ ಸಣ್ಣ ಕಾವಿನಲ್ಲಿ ಹದ ಮಾಡಿದರೆ ಪೆಡಸು ಇಳಿದು ಗಟ್ಟಿತನ ಬಹುಪಾಲು ಉಳಿಯುತ್ತದೆ. ಒಳಗಿನ ರಚನೆ, ಮಾಡುವ ವಿಧಾನ, ಹೊರಗೆ ಕಾಣುವ ಗುಣ, ಬಳಕೆಯಲ್ಲಿನ ಬಾಳಿಕೆ, ಈ ನಾಲ್ಕರ ನಂಟೇ ವಸ್ತುವಿಜ್ಞಾನ. ಉಕ್ಕಿನಿಂದ ಮೊಬೈಲಿನ ಚಿಪ್‌ವರೆಗೆ, ಕೃತಕ ಮಂಡಿಯಿಂದ ಬ್ಯಾಟರಿಯವರೆಗೆ ಎಲ್ಲದಕ್ಕೂ ಹಚ್ಚುವುದು ಇದೇ ಕಟ್ಟಳೆಯನ್ನು.

ಈಗ ನಮ್ಮ ಎರೆಹೊಲಕ್ಕೆ ಬನ್ನಿ. ರೋಣ, ನರಗುಂದ ಕಡೆಯ ಎರೆ ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಕಟ್ಟಿದ ಮನೆಯ ಗೋಡೆ ಸೀಳುತ್ತದೆ, ಹಾಕಿದ ರಸ್ತೆ ಅಲೆಯಾಗುತ್ತದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಗುಣ ಇದು. ಆ ಖನಿಜ ಹಾಳೆಗಳ ರೂಪದಲ್ಲಿರುತ್ತದೆ. ಒಂದೊಂದು ಹಾಳೆಯ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಹಾಳೆಗಳ ಮೇಲಿನ ಋಣ ವಿದ್ಯುದಂಶವನ್ನು ಸರಿದೂಗಿಸಲು ನಡುವೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಕೂತಿರುತ್ತವೆ. ಅವು ನೀರನ್ನು ಎಳೆದುಕೊಂಡಾಗ ಹಾಳೆಗಳು ದೂರ ಸರಿಯುತ್ತವೆ, ನೀರು ಆರಿದರೆ ಮತ್ತೆ ಹತ್ತಿರವಾಗುತ್ತವೆ. ಕಣ್ಣಿಗೆ ಕಾಣದ ಈ ಸರಿದಾಟವೇ ನಿಮ್ಮ ಹೊಲದಲ್ಲಿ ಕೈ ಹೋಗುವಷ್ಟು ಬಿರುಕಾಗುತ್ತದೆ.

ಇದೇ ಖನಿಜವನ್ನು ಜಪಾನಿನ ಟೊಯೋಟಾ ಸಂಶೋಧನಾಲಯದವರು 1980ರ ದಶಕದಲ್ಲಿ ಬೇರೊಂದು ಕಣ್ಣಿನಿಂದ ನೋಡಿದರು. ಹಾಳೆಗಳ ನಡುವೆ ನೀರು ಹೊಗುವುದಾದರೆ ನೈಲಾನ್ ಏಕೆ ಹೊಗಬಾರದು ಎಂದು ಕೇಳಿಕೊಂಡರು. ನೈಲಾನಿಗೆ ಶೇಕಡಾ ಐದರ ಆಸುಪಾಸಿನಷ್ಟು ಈ ಜೇಡಿಯನ್ನು ಹಾಳೆ ಹಾಳೆಯಾಗಿ ಬಿಡಿಸಿ ಸೇರಿಸಿದಾಗ ಅದರ ಬಿಗಿತವೂ ಕಾವು ತಡೆಯುವ ಶಕ್ತಿಯೂ ಗಣನೀಯವಾಗಿ ಏರಿದವು. ಆ ವಸ್ತುವಿನಿಂದ ಕಾರಿನ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಮುಚ್ಚಳ ಮಾಡಿದರು. ಪಾಲಿಮರ್ ನ್ಯಾನೊಕಾಂಪೋಸಿಟ್ ಎಂಬ ದೊಡ್ಡ ಸಂಶೋಧನಾ ಕ್ಷೇತ್ರ ಬೆಳೆದದ್ದು ಈ ಕೆಲಸದಿಂದ. ಎರೆಮಣ್ಣಿನ ಮೇಲೆ ಬಾಳುವ ರಸ್ತೆ ಹೇಗೆ, ಸುಣ್ಣ ಬೆರೆಸಿದರೆ ಉಬ್ಬುವುದು ಏಕೆ ತಗ್ಗುತ್ತದೆ, ಹಾರುಬೂದಿಯನ್ನು ಎಷ್ಟು ಬೆರೆಸಬೇಕು, ಬಿರುಕು ಬಿಡದ ಮಣ್ಣಿನ ಇಟ್ಟಿಗೆ ಹೇಗೆ ಮಾಡಬೇಕು ಎಂಬ ಪ್ರಶ್ನೆಗಳೆಲ್ಲ ಎಂ.ಟೆಕ್. ಪ್ರಬಂಧಕ್ಕೆ ತಕ್ಕವು. ಎರೆಹೊಲದಲ್ಲಿ ಕಾಲಿಟ್ಟು ಬೆಳೆದವರಿಗೆ ಇದರ ಒಂದಂಶ ಓದುವ ಮೊದಲೇ ಗೊತ್ತಿರುತ್ತದೆ. ಆ ಮಣ್ಣು ಯಾವ ಮಳೆಗೆ ಏನು ಮಾಡುತ್ತದೆ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ.

ಗಜೇಂದ್ರಗಡದ ಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುತ್ತೀರಿ. ಅವುಗಳ ರೆಕ್ಕೆ ಲೋಹದ್ದಲ್ಲ. ಗಾಜಿನ ನೂಲನ್ನು ಎಪಾಕ್ಸಿಯಂಥ ರಾಳದಲ್ಲಿ ಕೂಡಿಸಿ, ನಡುವೆ ಹಗುರವಾದ ಬಾಲ್ಸಾ ಮರ ಅಥವಾ ಫೋಮ್ ಇಟ್ಟು ಮಾಡಿದ ಸಂಯುಕ್ತ ವಸ್ತು. 40 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ 15 ಸುತ್ತು ತಿರುಗಿದರೆ ಅದರ ತುದಿ ತಾಸಿಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸಾಗುತ್ತಿರುತ್ತದೆ. ಪ್ರತಿ ಸುತ್ತಿಗೂ ಅದರ ಭಾರವೇ ಅದನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಬಗ್ಗಿಸುತ್ತದೆ. ಇಪ್ಪತ್ತು ವರ್ಷದ ಆಯುಷ್ಯದಲ್ಲಿ ಅಂಥ ಬಾಗು ಹತ್ತು ಕೋಟಿಯ ಆಸುಪಾಸು ಆಗುತ್ತದೆ. ಒಂದೇ ಏಟಿಗೆ ಮುರಿಯದ ವಸ್ತು ಕೋಟಿಗಟ್ಟಲೆ ಸಣ್ಣ ಏಟಿಗೆ ಏಕೆ ಸೋಲುತ್ತದೆ? ಇದನ್ನು ದಣಿವು ಎಂಬ ಹೆಸರಿನಲ್ಲೇ ಒಂದು ಇಡೀ ಅಧ್ಯಾಯವಾಗಿ ಓದುತ್ತೀರಿ. ಆ ವೇಗದಲ್ಲಿ ಧೂಳಿನ ಕಣವೂ ಮಳೆಹನಿಯೂ ರೆಕ್ಕೆಯ ಮುಂಚೂಣಿಯನ್ನು ಸವೆಸುತ್ತವೆ, ಸವೆದ ರೆಕ್ಕೆ ಕಡಿಮೆ ವಿದ್ಯುತ್ ಕೊಡುತ್ತದೆ.

ಇನ್ನೂ ದೊಡ್ಡ ಪ್ರಶ್ನೆ ಮುಂದಿದೆ. ಗಾಳಿಯಂತ್ರದ ಆಯುಷ್ಯ ಸಾಮಾನ್ಯವಾಗಿ 20ರಿಂದ 25 ವರ್ಷ. ಕಂಬದ ಉಕ್ಕನ್ನು ಕರಗಿಸಿ ಮತ್ತೆ ಬಳಸಬಹುದು. ರೆಕ್ಕೆಯ ಎಪಾಕ್ಸಿಯನ್ನು ಕಾಯಿಸಿದರೆ ಅದು ಕರಗುವುದಿಲ್ಲ, ಸುಡುತ್ತದೆ. ಅದರ ಅಣುಸರಪಳಿಗಳು ಒಂದಕ್ಕೊಂದು ಶಾಶ್ವತವಾಗಿ ಹೆಣೆದುಕೊಂಡಿರುತ್ತವೆ. ಹಾಗಾಗಿ ಬೇರೆ ದೇಶಗಳಲ್ಲಿ ಹಳೆಯ ರೆಕ್ಕೆಗಳನ್ನು ಕತ್ತರಿಸಿ ನೆಲದಲ್ಲಿ ಹೂತದ್ದುಂಟು. ನಮ್ಮ ಗುಡ್ಡದ ರೆಕ್ಕೆಗಳು ಕೆಳಗಿಳಿಯುವ ದಿನ ಬಂದಾಗ ಅವನ್ನು ಏನು ಮಾಡಬೇಕೆಂದು ಯೋಚಿಸಿದವರು ನಮ್ಮವರಲ್ಲೇ ಯಾರಾದರೂ ಇರಬೇಕಲ್ಲವೇ? ಮತ್ತೆ ಬಿಡಿಸಿಕೊಳ್ಳಬಲ್ಲ ರಾಳಗಳ ಮೇಲೆ ಜಗತ್ತಿನಾದ್ಯಂತ ಕೆಲಸ ನಡೆದಿದೆ. ಆ ಕೆಲಸಕ್ಕೆ ಸೇರಲು ರಸಾಯನಶಾಸ್ತ್ರದ ಎಂ.ಎಸ್ಸಿ. ಇದ್ದರೂ ಸಾಕು, ಮೆಕ್ಯಾನಿಕಲ್ ಬಿ.ಇ. ಇದ್ದರೂ ಸಾಕು.

ಮೂರನೆಯದು ನೀರು. ಗದಗ ಜಿಲ್ಲೆಯ ಹಲವು ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿಗೆ ಕಲೆ ಬರುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಕೀಲುಗಳು ಬಿಗಿಯುತ್ತವೆ. ಊರೂರಿಗೆ ಶುದ್ಧ ನೀರಿನ ಘಟಕಗಳು ಬಂದಿವೆ. ಅವುಗಳ ಒಳಗಿರುವ ಪೊರೆಯ ಕೆಲಸ ಮಾಡುವ ಪದರ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳುವಾದ ಪಾಲಿಅಮೈಡ್. ಅದು ಫ್ಲೋರೈಡನ್ನು ತಡೆಯುತ್ತದೆ, ಆದರೆ ಒಳಗೆ ಹೋದ ನೀರಿನಲ್ಲಿ ದೊಡ್ಡ ಪಾಲನ್ನು ಉಪ್ಪುನೀರಾಗಿ ಹೊರಗೆ ಬಿಡುತ್ತದೆ. ಬರದ ಸೀಮೆಯಲ್ಲಿ ಅದು ಸಣ್ಣ ನಷ್ಟವಲ್ಲ. ಆ್ಯಕ್ಟಿವೇಟೆಡ್ ಅಲ್ಯುಮಿನಾ ಎಂಬ ಸಣ್ಣ ರಂಧ್ರಗಳ ಪುಡಿ ತನ್ನ ಮೈಗೆ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ವ್ಯರ್ಥವಾಗುವುದಿಲ್ಲ. ಆದರೆ ಮೈ ತುಂಬಿದ ಮೇಲೆ ಅದನ್ನು ಕ್ಷಾರದಲ್ಲಿ ತೊಳೆದು ಮತ್ತೆ ಸಜ್ಜುಗೊಳಿಸಬೇಕು, ಆ ತೊಳೆದ ನೀರನ್ನು ಎಲ್ಲಿಗೆ ಬಿಡಬೇಕೆಂದೂ ನೋಡಬೇಕು. ಅಗ್ಗವಾದ, ಹಳ್ಳಿಯಲ್ಲೇ ನಿಭಾಯಿಸಬಲ್ಲ, ಬೇಗ ತುಂಬದ ಒಂದು ಪುಡಿ ಇಂದಿಗೂ ಬೇಕಾಗಿದೆ. ನಿಮ್ಮ ಕೊಡದ ನೀರಿಗಾಗಿ ಮಾಡುವ ಈ ಸಂಶೋಧನೆ ಯಾವ ದೇಶದ ಪ್ರಯೋಗಾಲಯದ ಕೆಲಸಕ್ಕೂ ಕಡಿಮೆಯಲ್ಲ.

‘ನಾನು ಓದಿದ್ದು ಮೆಕ್ಯಾನಿಕಲ್, ನನಗೆ ಇದು ಆಗಿಬರುತ್ತದೆಯೇ?’ ‘ನನ್ನದು ಬರೀ ಬಿ.ಎಸ್ಸಿ.’ ಎಂಬ ಅನುಮಾನ ಬೇಡ. ಈ ಶಾಸ್ತ್ರವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಹಲವರು ಬೇರೆ ಬಾಗಿಲಿನಿಂದ ಒಳಬಂದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1945ರಲ್ಲಿ ಆರಂಭವಾದ ಲೋಹಶಾಸ್ತ್ರ ವಿಭಾಗವೇ ಇಂದು ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗ. 1951ರಲ್ಲಿ ಅದರ ಮುಖ್ಯಸ್ಥರಾದ ಬ್ರಹ್ಮಪ್ರಕಾಶ್ ಮೊದಲು ರಸಾಯನಶಾಸ್ತ್ರ ಓದಿದವರು. ಆಮೇಲೆ ಲೋಹಶಾಸ್ತ್ರಕ್ಕೆ ಬಂದು, ಪರಮಾಣು ಇಂಧನದ ಕೆಲಸ ಕಟ್ಟಿ, 1972ರಲ್ಲಿ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಮೊದಲ ನಿರ್ದೇಶಕರಾದರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮಾಡಿದ ಸಿ.ಎನ್.ಆರ್. ರಾವ್ ಘನವಸ್ತುಗಳ ರಸಾಯನಶಾಸ್ತ್ರದಲ್ಲಿ ಜಗತ್ತೇ ಗುರುತಿಸುವ ಕೆಲಸ ಮಾಡಿ ಭಾರತರತ್ನ ಪಡೆದರು. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅವರು ಕಟ್ಟಿದ್ದು. ಅದೇ ಕೇಂದ್ರದಲ್ಲಿ ಶೋಭನಾ ನರಸಿಂಹನ್ ಅವರು ವಸ್ತುಗಳ ಗುಣವನ್ನು ಕುಲುಮೆಯಿಲ್ಲದೆ, ಕ್ವಾಂಟಮ್ ಸಿದ್ಧಾಂತ ಮತ್ತು ಕಂಪ್ಯೂಟರಿನಿಂದ ಲೆಕ್ಕಹಾಕುತ್ತಾರೆ. ಭೌತಶಾಸ್ತ್ರ, ಗಣಿತ ಇಷ್ಟವಿದ್ದು ಪ್ರಯೋಗಾಲಯಕ್ಕೆ ಅಂಜುವವರಿಗೂ ಇಲ್ಲಿ ಜಾಗವಿದೆ. ಅಂಥ ಲೆಕ್ಕಕ್ಕೆ ಬೇಕಾದ ಕ್ವಾಂಟಮ್ ಎಸ್ಪ್ರೆಸೊದಂಥ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ.

ಈಗ ದಾರಿಯ ಲೆಕ್ಕ ಹೇಳುತ್ತೇನೆ. ಎಂ.ಟೆಕ್.ಗೆ ಮುಖ್ಯ ಬಾಗಿಲು ಗೇಟ್ ಪರೀಕ್ಷೆ. ಪದವಿಯ ಮೂರನೆಯ ವರ್ಷದಿಂದಲೇ ಬರೆಯಬಹುದು. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಮೂರು ತಾಸು, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಬಂದ ಸ್ಕೋರು ಮೂರು ವರ್ಷ ನಡೆಯುತ್ತದೆ. ಲೋಹಶಾಸ್ತ್ರದ ಪತ್ರಿಕೆ ಬೇರೆಯೇ ಇದೆ. ಬೇರೆ ಶಾಖೆಯವರು ತಮ್ಮ ಶಾಖೆಯ ಪತ್ರಿಕೆಯನ್ನಾಗಲಿ, ಎಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ಮೆಟೀರಿಯಲ್ಸ್ ಸೈನ್ಸ್ ವಿಭಾಗವನ್ನಾಗಲಿ ಆರಿಸಬಹುದು. ಯಾವ ಸಂಸ್ಥೆ ಯಾವ ಪತ್ರಿಕೆಯನ್ನು, ಯಾವ ಪದವಿಯನ್ನು ಒಪ್ಪುತ್ತದೆ ಎಂಬುದು ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿರುತ್ತದೆ, ಅರ್ಜಿಗೆ ಮೊದಲು ಅದನ್ನು ಸಾಲು ಬಿಡದೆ ಓದಿ. ಬಿ.ಎಸ್ಸಿ. ಮುಗಿಸಿದವರು ಎಂ.ಎಸ್ಸಿ. ಮಾಡಿ ಈ ಕಡೆ ಬರಬಹುದು, ಅಥವಾ ಜ್ಯಾಮ್ ಪರೀಕ್ಷೆ ಬರೆದು ಜಕ್ಕೂರಿನ ಕೇಂದ್ರದಂಥ ಕಡೆ ಎಂ.ಎಸ್ಸಿ., ಪಿಎಚ್.ಡಿ. ಕೂಡಿದ ಓದಿಗೆ ಸೇರಬಹುದು.

ಹತ್ತಿರದಲ್ಲೇ ಕೇಳುವುದಾದರೆ, 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯಲ್ಲಿ ಮೆಕ್ಯಾನಿಕಲ್, ಮೆಟೀರಿಯಲ್ಸ್, ಏರೋಸ್ಪೇಸ್ ಮೂರೂ ಕೂಡಿದ ವಿಭಾಗವಿದೆ. ಸುರತ್ಕಲ್ಲಿನ ಎನ್‌ಐಟಿಕೆ, 1960ರಲ್ಲಿ ಕೆಆರ್‌ಇಸಿಯಾಗಿ ಹುಟ್ಟಿದ್ದು, ಲೋಹ ಮತ್ತು ವಸ್ತು ಎಂಜಿನಿಯರಿಂಗಿಗೆ ಹೆಸರಾದದ್ದು. ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾಲಯಗಳಲ್ಲಿ ವಸ್ತುವಿಜ್ಞಾನದ ವಿಭಾಗಗಳಿವೆ.

ಹಣದ ಮಾತು ಅಪ್ಪ, ಅವ್ವ ಇಬ್ಬರೂ ಕೇಳಿಸಿಕೊಳ್ಳಲಿ. ಗೇಟ್ ಪಾಸಾಗಿ ಐಐಟಿ, ಎನ್‌ಐಟಿ, ವಿಜ್ಞಾನ ಸಂಸ್ಥೆಗಳಲ್ಲಿ ಪೂರ್ಣಾವಧಿ ಎಂ.ಟೆಕ್.ಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ ಸಿಗುತ್ತದೆ. ಅದಕ್ಕಾಗಿ ವಾರದಲ್ಲಿ ಕೆಲವು ತಾಸು ಪ್ರಯೋಗಾಲಯ, ಪಾಠದ ನೆರವು ಮಾಡಬೇಕು. ಹಾಸ್ಟೆಲಿನಲ್ಲಿದ್ದು ಹಿಡಿತದಿಂದ ಬದುಕಿದರೆ ಊಟದ ಖರ್ಚಿಗೆ ಮನೆಗೆ ಕೈ ಚಾಚಬೇಕಿಲ್ಲ. ಪಿಎಚ್.ಡಿ. ಮಾಡುವವರಿಗೆ 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯದು 42,000. ಖಾಸಗಿ ಕೋರ್ಸಿಗೆ ಸಾಲ ಮಾಡಿ ಲಕ್ಷಗಟ್ಟಲೆ ಕಟ್ಟುವ ಮೊದಲು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಅದರಲ್ಲೂ ಮಗಳ ಓದಿನ ಬಗ್ಗೆ ಮನೆಯಲ್ಲಿ ಮಾತಾಡುವಾಗ ಈ ಅಂಕಿಗಳನ್ನು ಮುಂದಿಡಿ. ‘ಇನ್ನೆಷ್ಟ ಓದಸೋದು’ ಎಂಬ ಮಾತಿಗೆ ಉತ್ತರ ಅಲ್ಲಿದೆ.

ಕಷ್ಟವನ್ನೂ ಮುಚ್ಚಿಡಲಾರೆ. ಒಳ್ಳೆಯ ಸಂಸ್ಥೆಯ ಸೀಟುಗಳು ಕಡಿಮೆ, ಪೈಪೋಟಿ ಗಟ್ಟಿ. ಎಂ.ಟೆಕ್.ನ ಮೊದಲ ವರ್ಷ ಉಷ್ಣಗತಿವಿಜ್ಞಾನ, ಹಂತನಕ್ಷೆ, ಪರಮಾಣು ವಿಸರಣ, ಹರಳಿನ ದೋಷಗಳು ಎಂದು ಪಾಠಗಳ ಮೇಲೆ ಪಾಠ. ಎರಡನೆಯ ವರ್ಷ ಪ್ರಬಂಧ. ಒಂದು ಮಾದರಿಯನ್ನು ತಿಂಗಳುಗಟ್ಟಲೆ ತಯಾರಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿಗೆ ಕಾದು, ಕೊನೆಗೆ ಎಣಿಸಿದ್ದು ಬಾರದೆ ಹೋಗುವುದು ಈ ಓದಿನ ಸಹಜ ಭಾಗ. ಸಾಫ್ಟ್‌ವೇರಿಗೆ ಹೋದ ಗೆಳೆಯ ಆ ಹೊತ್ತಿಗೆ ನಿಮಗಿಂತ ಹೆಚ್ಚು ಗಳಿಸುತ್ತಿರುತ್ತಾನೆ. ಮನೆಗೆ ಈಗಲೇ ಸಂಬಳ ಬೇಕಿದ್ದರೆ ಮೊದಲು ನೌಕರಿ ಹಿಡಿಯುವುದು ತಪ್ಪಲ್ಲ, ಗೇಟ್ ಸ್ಕೋರು ಕೈಯಲ್ಲಿಟ್ಟುಕೊಂಡು ನಂತರ ಬರಬಹುದು. ನೌಕರಿ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ, ಎರಡು ವರ್ಷ ಕಳೆಯಲೆಂದು ಮಾತ್ರ ಇಲ್ಲಿಗೆ ಬರಬೇಡಿ. ವಸ್ತುಗಳ ಬಗ್ಗೆ ಕುತೂಹಲವಿಲ್ಲದವರಿಗೆ ಈ ಓದು ಬಹಳ ಉದ್ದವೆನಿಸುತ್ತದೆ.

ಕುತೂಹಲವಿದ್ದವರಿಗೆ ಕೆಲಸಕ್ಕೇನೂ ಬರವಿಲ್ಲ. ನಮ್ಮ ಆಸುಪಾಸಿನ ಜಿಲ್ಲೆಗಳನ್ನೇ ನೋಡಿ. ತೋರಣಗಲ್ಲಿನ ದೊಡ್ಡ ಉಕ್ಕಿನ ಕಾರ್ಖಾನೆ, ಕೊಪ್ಪಳದ ಬೀಡುಕಬ್ಬಿಣದ ಕುಲುಮೆಗಳು, ಬೆಳಗಾವಿಯ ಫೌಂಡ್ರಿಗಳು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಲಯ. ಊದುಕುಲುಮೆಯ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವುದು ಹೇಗೆ ಎಂಬುದು ಇಡೀ ಜಗತ್ತಿನ ಉಕ್ಕಿನ ಉದ್ಯಮದ ಮುಂದಿರುವ ಪ್ರಶ್ನೆ. ಆಚೆಗೆ ಬೆಂಗಳೂರಿನ ಎನ್‌ಎಎಲ್, ಎಚ್‌ಎಎಲ್, ಇಸ್ರೊ, ಹೈದರಾಬಾದಿನಲ್ಲಿ 1973ರಲ್ಲಿ ಸ್ಥಾಪನೆಯಾದ ಮಿಶ್ರ ಧಾತು ನಿಗಮ ಇವೆ. 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ವಿಮಾನದ ದೇಹದಲ್ಲಿ ದೊಡ್ಡ ಪಾಲು ಇಂಗಾಲನೂಲಿನ ಸಂಯುಕ್ತ ವಸ್ತು. ನಮ್ಮ ಗುಡ್ಡದ ಮೇಲಿನ ರೆಕ್ಕೆಗೆ ಅದು ಹತ್ತಿರದ ಸಂಬಂಧಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಅಂಜಿಕೆ ಇರುತ್ತದೆ. ನನ್ನ ಸಲಹೆ ಇಷ್ಟೇ: ಅಧ್ಯಾಯ ಓದಿದ ಮೇಲೆ ಪುಸ್ತಕ ಮುಚ್ಚಿ, ತಿಳಿದದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಕನ್ನಡದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ವಿಷಯವೇ ತಿಳಿದಿಲ್ಲ ಎಂದರ್ಥ, ಇಂಗ್ಲಿಷಿನ ತಪ್ಪಲ್ಲ. ಬರೆಯಲಾದರೆ ಇಂಗ್ಲಿಷ್ ವಾಕ್ಯ ಹಿಂದೆಯೇ ಬರುತ್ತದೆ. ಆರಂಭಕ್ಕೆ ವಿ. ರಾಘವನ್ ಅವರ ‘ಮೆಟೀರಿಯಲ್ಸ್ ಸೈನ್ಸ್ ಆ್ಯಂಡ್ ಎಂಜಿನಿಯರಿಂಗ್’ ಹಿಡಿಯಿರಿ. ನಮ್ಮ ದೇಶದ ವಿದ್ಯಾರ್ಥಿಗಳಿಗೆಂದೇ ಬರೆದದ್ದು, ಬೆಲೆಯೂ ಕೈಗೆಟುಕುತ್ತದೆ. ಐಐಟಿ ಮತ್ತು ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಗುಡ್ಡದ ಬದಿಯ ಊರಿನಲ್ಲೂ ಮೊಬೈಲಿನಲ್ಲಿ ಅವನ್ನು ನೋಡಬಹುದು.

ಕೊನೆಗೆ ನಿಮ್ಮಲ್ಲಿ ಮೂರು ಬೇಡಿಕೆ. ಮೊದಲನೆಯದು, ಈ ರಜೆಯಲ್ಲಿ ಊರಿಗೆ ಬಂದಾಗ ಒಂದು ವಸ್ತುವನ್ನು ಆರಿಸಿ ಅದರ ಬಗ್ಗೆ ಎರಡು ಪುಟ ಬರೆಯಿರಿ. ಎರೆಮಣ್ಣಾಗಲಿ, ತುಕ್ಕು ಹಿಡಿದ ಬೋರಿನ ಪೈಪಾಗಲಿ, ಮಗ್ಗದ ನೂಲಾಗಲಿ, ಅದು ಏನು ಮಾಡುತ್ತದೆ, ಎಲ್ಲಿ ಸೋಲುತ್ತದೆ, ಏಕೆ ಎಂದು ಬರೆಯಿರಿ. ಪ್ರವೇಶದ ಸಂದರ್ಶನದಲ್ಲಿ ‘ಈ ವಿಷಯ ಏಕೆ ಬೇಕು?’ ಎಂದು ಕೇಳಿದಾಗ ಬಾಯಿಪಾಠದ ಉತ್ತರಕ್ಕಿಂತ ಆ ಎರಡು ಪುಟ ನಿಮ್ಮ ನೆರವಿಗೆ ಬರುತ್ತದೆ. ಎರಡನೆಯದು, ಗೇಟ್ ಅರ್ಜಿಯ ದಿನಾಂಕ ತಪ್ಪಿಸಬೇಡಿ, ಒಬ್ಬರೇ ಓದದೆ ಊರಿನ ನಾಲ್ಕು ಜನ ಕೂಡಿ ಓದಿ. ನಮ್ಮ ಜಿಲ್ಲೆಯ ಕಣಗಿನಹಾಳದ ರೈತರು 1905ರಲ್ಲಿ ಕೂಡಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿದವರು. ಕೂಡಿ ಓದುವುದೂ ಆ ಪರಂಪರೆಗೆ ಸೇರಿದ್ದೇ. ಮೂರನೆಯದು, ನಿಮ್ಮಲ್ಲಿ ಒಬ್ಬರು ಒಳಗೆ ಹೋದಿರೆಂದರೆ ಮುಂದಿನ ವರ್ಷ ಬರುವವರಿಗೆ ಅರ್ಜಿ ತುಂಬಲು, ಹಳೆಯ ಪ್ರಶ್ನೆಪತ್ರಿಕೆ ಕೊಡಲು ನಿಲ್ಲಿ. ನಮ್ಮ ಸೀಮೆಯ ಮಕ್ಕಳಿಗೆ ಬುದ್ಧಿಯ ಕೊರತೆ ಎಂದೂ ಇರಲಿಲ್ಲ. ದಾರಿ ಹೇಳುವವರ ಕೊರತೆಯಿತ್ತು, ಅದನ್ನು ನೀವು ನೀಗಿಸಬಲ್ಲಿರಿ.

ನಿಮಗೆ ಒಳ್ಳೆಯದಾಗಲಿ.

ಇಂತಿ,
ನಿಮ್ಮ ಸೀಮೆಯ ಹಿರಿಯ ವಿದ್ಯಾರ್ಥಿ,
ಲಕ್ಕಲಕಟ್ಟಿ